ಡಾಕ್ಟರ ಮುಂದೆ ನಮ್ಮ ನೋವು

ವೇಲಚೇರಿಯಲ್ಲಿ ಬಿಡಾರ ಹೂಡಿ ಹಲವು ವರ್ಷಗಳಾದವು. ತರಕಾರಿಯವನೊಡನೆ, ಆಟೋದವನೊಡನೆ ಚೌಕಾಸಿ ಮಾಡುವಷ್ಟು ತಮಿಳು ನಮಗೆ ಬಂದಿದೆ. ಆದರೆ ಡಾಕ್ಟರ ಮುಂದೆ ಕುಳಿತಾಗ ಅದು ಸಾಲದು. ಚಳುಕು, ಸೆಳೆತ, ಉರಿ, ಜೋಮು ಎಂದು ನಮ್ಮಲ್ಲಿ ನೋವಿಗೆ ಎಷ್ಟೊಂದು ಹೆಸರು! ಅವೆಲ್ಲವನ್ನೂ ನಾವು ‘ವಲಿ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆವು. ತಮಿಳಿನಲ್ಲಿ ಪದಗಳಿಲ್ಲವೆಂದಲ್ಲ. ‘ಎರಿಚ್ಚಲ್’ ಎಂದರೆ ಉರಿ, ‘ಕುಡೈಚ್ಚಲ್’ ಎಂದರೆ ಒಳಗೊಳಗೇ ಕೊರೆಯುವ ನೋವು, ‘ಮರತ್ತುಪ್ಪೋಚ್ಚು’ ಎಂದರೆ ನಮ್ಮ ಮರಗಟ್ಟಿದ್ದೇ. ನಾವು ಕಲಿತಿರಲಿಲ್ಲ, ಅಷ್ಟೆ.

ನಮ್ಮ ಮನೆಯಾಕೆಗೆ ನಾಲ್ಕು ವರ್ಷಗಳಿಂದ ಸೊಂಟನೋವು. ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದವರು ಮಾತ್ರ ನಾವು! ಆಕೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವಳು. “ವಯಸ್ಸಾಯಿತಲ್ಲ” ಎಂದು ಅವರೆಂದರೆ ನಾವೂ ತಲೆಯಾಡಿಸಿದೆವು. ಗುಣ ಕಾಣದೆ ಇನ್ನೊಬ್ಬರಲ್ಲಿಗೆ ಹೋದೆವು. ಮೊದಲಿನ ಚೀಟಿ ತೋರಿಸಿದರೆ ಬೇಸರಪಟ್ಟಾರೆಂದು ಮುಚ್ಚಿಟ್ಟೆವು. ಮಾತ್ರೆಗಳ ಹೆಸರು ಎರಡು, ಒಳಗಿನ ಮದ್ದು ಒಂದೇ: ಡೈಕ್ಲೋಫೆನಾಕ್. ಎರಡನ್ನೂ ನುಂಗಿ ಮೂರು ವಾರದಲ್ಲಿ ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತ ಹೋಗಿ, ಆಸ್ಪತ್ರೆ ಸೇರಬೇಕಾಯಿತು. ಈ ಜಾತಿಯ ಮದ್ದು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲುದೆಂದು ನಮಗೆ ತಿಳಿದದ್ದು ಆಗಲೇ. ಅರ್ಧ ತಪ್ಪು ನಮ್ಮದೇ ಎನ್ನಬೇಕು.

ಅಂದಿನಿಂದ ಮನೆಯಲ್ಲಿ ಒಂದು ನೋಟುಬುಕ್ಕು ಇದೆ. ‘ತುಂಬ ನೋವು’ ಎಂದು ಬರೆದರೆ ಡಾಕ್ಟರಿಗೆ ಏನು ತಿಳಿದೀತು? ‘ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಎಡಗಾಲಿನ ಕಿರುಬೆರಳವರೆಗೆ ಉರಿ, ತಿರುಮಯಿಲೈವರೆಗೆ ರೈಲಿನಲ್ಲಿ ಕೂರಲಾರೆ’ ಎಂದರೆ ತಿಳಿಯುತ್ತದೆ. ನುಂಗುವ ಮಾತ್ರೆಗಳನ್ನೆಲ್ಲ, ಊರಿನಿಂದ ತಂದ ಕಷಾಯದ ಪುಡಿಯನ್ನೂ ಸೇರಿಸಿ, ಚೀಲದಲ್ಲಿ ಒಯ್ಯುತ್ತೇವೆ. ಈ ಮದ್ದು ಏತಕ್ಕೆ, ಎಷ್ಟು ದಿನ, ಏನಾದರೆ ನಿಲ್ಲಿಸಬೇಕು ಎಂದು ಕೇಳುತ್ತೇವೆ. ದಾಖಲೆ ಕೇಳಲೂ ಸಂಕೋಚ ಬೇಡ. 2002ರ ವೈದ್ಯಕೀಯ ನಡವಳಿಕೆಯ ನಿಯಮಗಳಂತೆ, ರೋಗಿ ಕೇಳಿದ 72 ಗಂಟೆಗಳೊಳಗೆ ಅದನ್ನು ಕೊಡತಕ್ಕದ್ದು. ಚಿತ್ರದಲ್ಲಿ ಏನೂ ಕಾಣದಿದ್ದರೆ ನೋವೇ ಇಲ್ಲವೆಂದು ಅರ್ಥವಲ್ಲ. ನೋವಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವೇ 2020ರಲ್ಲಿ ತನ್ನ ವ್ಯಾಖ್ಯೆಯ ಜೊತೆಗೆ ಬರೆದಿದೆ.

ಕಳೆದ ತಿಂಗಳು ಹೊಸ ಡಾಕ್ಟರಲ್ಲಿಗೆ ಹೋದಾಗ ಅಭ್ಯಾಸಬಲದಿಂದ ನಾವೇ ಬಾಯಿ ತೆರೆದೆವು. “ನೀವು ಸ್ವಲ್ಪ ಸುಮ್ಮನಿರೀಂದ್ರೆ” ಎಂದು ಆಕೆ ಪುಸ್ತಕ ಬಿಚ್ಚಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ತಾನೇ ಹೇಳಿಕೊಂಡಳು. ಡಾಕ್ಟರು ಕೇಳಿಸಿಕೊಂಡು, ಮಂಚದ ಮೇಲೆ ಮಲಗಿಸಿ, ಎಡಗಾಲನ್ನು ನೆಟ್ಟಗೆ ಎತ್ತಿ ನೋಡಿದರು. ಹಾಗೆ ನೋಡಿದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.