ಗಾಜಿನೊಳಗಣ ಕಾಡು

ಜಿರಳೆಯನ್ನು ಕಂಡೊಡನೆ ಪೊರಕೆಗೆ ಕೈಚಾಚುವುದು ನಮ್ಮ ಗೃಹಸ್ಥಧರ್ಮಗಳಲ್ಲಿ ಒಂದು. ಅಂಥ ಪ್ರಾಣಿಯನ್ನು ಬೇಕೆಂದೇ ತಂದು, ಗಾಜಿನ ಪೆಟ್ಟಿಗೆಯಲ್ಲಿ ಜರೀಗಿಡ ಹಾವಸೆಗಳ ನಡುವೆ ನೆಲೆಗೊಳಿಸಿ, ಅದರ ಯೋಗಕ್ಷೇಮ ನೋಡಿಕೊಳ್ಳುವವರು ಲೋಕದಲ್ಲಿ ಇದ್ದಾರೆಂದರೆ ಅನೇಕರಿಗೆ ನಗು ಬಂದೀತು. ಆದರೆ ಭೂಮಿಯ ಮೇಲಿರುವ 4,500ಕ್ಕೂ ಮಿಕ್ಕ ಜಿರಳೆಯ ಜಾತಿಗಳಲ್ಲಿ, ಮನುಷ್ಯನ ಮನೆಗೆ ನುಗ್ಗಿ ಕುಲಕ್ಕೆ ಕೆಟ್ಟ ಹೆಸರು ತಂದವು ಸುಮಾರು 30 ಮಾತ್ರ. ಉಳಿದವುಗಳಲ್ಲಿ ಬಹುಪಾಲು ನಮ್ಮ ಗೊಡವೆಗೆ ಬಾರದೆ ಕಾಡುಮೇಡುಗಳಲ್ಲಿ ಬಾಳುತ್ತವೆ.

ಗಾಜಿನೊಳಗೆ ಗಿಡ ಬೆಳೆಸುವ ಕಲೆಗೂ ಒಂದು ಹುಳುವಿಗೂ ಹಳೆಯ ನಂಟುಂಟು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ 1829ರ ಸುಮಾರಿನಲ್ಲಿ ಪತಂಗದ ಕೋಶವೊಂದನ್ನು ಒದ್ದೆಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ. ನಗರದ ಹೊಗೆಗೆ ಅವನ ತೋಟದಲ್ಲಿ ಬದುಕಲಾರದ ಜರೀಗಿಡ ಆ ಸೀಸೆಯಲ್ಲಿ ತಾನಾಗಿ ಮೊಳೆಯಿತು. ಅದರಿಂದ ಹುಟ್ಟಿದ ‘ವಾರ್ಡನ ಪೆಟ್ಟಿಗೆ’ 1833ರಲ್ಲಿ ಇಂಗ್ಲೆಂಡಿನ ಸಸ್ಯಗಳನ್ನು ಆಸ್ಟ್ರೇಲಿಯಕ್ಕೆ ಜೀವಂತ ಮುಟ್ಟಿಸಿತು. 1850ರ ಸುಮಾರಿಗೆ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದಿತು. ಅಂದು ಹುಳುವಿಗಾಗಿ ಇಟ್ಟ ಗಾಜಿನಲ್ಲಿ ಗಿಡ ಹುಟ್ಟಿತು. ಇಂದು ಗಿಡವಿರುವ ಗಾಜಿಗೆ ಹುಳುವನ್ನು ಕರೆಯುತ್ತಿದ್ದಾರೆ.

ಈ ಪುಟ್ಟ ಕಾಡಿನ ಕ್ರಮ ಸರಳವಾದುದು. ತಳದಲ್ಲಿ ಹೆಚ್ಚಿನ ನೀರು ಬಸಿದು ನಿಲ್ಲಲು ಕಲ್ಲುಹರಳು, ಅದರ ಮೇಲೆ ತೆಂಗಿನ ನಾರಿನ ಪುಡಿ ಬೆರೆತ ಮಣ್ಣು, ಮೇಲೆ ತರಗೆಲೆಯ ದಪ್ಪ ಹೊದಿಕೆ, ಅಲ್ಲಲ್ಲಿ ಗಿಡ. ಜಿರಳೆ ಒಣಗಿದೆಲೆಯನ್ನೂ ಕೊಳೆತ ಹಣ್ಣನ್ನೂ ತಿಂದು ಹಿಕ್ಕೆ ಹಾಕುತ್ತದೆ. ಅದರ ಮೇಲೆ ಬೂಷ್ಟು ಬೆಳೆದರೆ, ಕಣ್ಣಿಗೆ ಕಂಡೂ ಕಾಣದಂತಿರುವ ಸ್ಪ್ರಿಂಗ್‌ಟೇಲ್ ಎಂಬ ಜೀವಿಗಳು ಮೇಯುತ್ತವೆ. ಸೀಗಡಿಯ ಬಳಗಕ್ಕೆ ಸೇರಿಯೂ ನೆಲಕ್ಕೆ ಬಂದು ನೆಲಸಿದ, ಇಂದಿಗೂ ಕಿವಿರಿನಂಥ ಅಂಗಗಳಿಂದ ಉಸಿರಾಡುವ ಐಸೊಪಾಡುಗಳು ಮಿಕ್ಕ ಕಸವನ್ನು ಅರೆಯುತ್ತವೆ. ಕೊನೆಗೆ ಉಳಿದ ಸಾರವನ್ನು ಬೇರು ಹೀರುತ್ತದೆ. ಒಬ್ಬರ ಎಂಜಲು ಮತ್ತೊಬ್ಬರ ಊಟ. ಮಡಿಮೈಲಿಗೆಗೆ ಇಲ್ಲಿ ಎಡೆಯಿಲ್ಲ.

ಇಂಥ ಪೆಟ್ಟಿಗೆಗಳಲ್ಲಿ ಆದರ ಪಡೆದ ಜಿರಳೆಗಳಲ್ಲಿ ಒಂದು ನಮ್ಮ ದಕ್ಷಿಣ ಭಾರತದ್ದೇ. ಲಿನೇಯಸ್ 1758ರಲ್ಲಿ ಹೆಸರಿಸಿದ ಥೀರಿಯಾ ಪೆಟಿವೆರಿಯಾನ ಎಂಬುದು ಕುರುಚಲು ಕಾಡಿನ ತರಗೆಲೆಯ ಅಡಿ ಬಾಳುವ ಕೀಟ. ಕರಿಯ ಮೈಮೇಲೆ ಏಳು ಬಿಳಿಯ ಚುಕ್ಕೆಗಳು. ಇದೇ ನಾಡಿನಲ್ಲಿ, ಮುಟ್ಟಿದವರ ಮೇಲೆ ಉರಿಯುವ ಆಮ್ಲ ಚಿಮ್ಮುವ ಆರು ಚುಕ್ಕೆಯ ಜೀರುಂಡೆಯೊಂದಿದೆ. ಅದರ ವೇಷ ಧರಿಸಿಯೇ ಈ ಸಾಧು ಜಿರಳೆ ಜೀವ ಉಳಿಸಿಕೊಳ್ಳುತ್ತದೆಂದು ತಜ್ಞರ ಊಹೆ. ನಮ್ಮಲ್ಲಿ ಎಷ್ಟು ಜನ ಇದನ್ನು ಕಂಡಿದ್ದೇವೆ?

ಗಾಜಿನೊಳಗೆ ಸದಾ ರಾಮರಾಜ್ಯವೆಂದು ಭಾವಿಸಬೇಕಾಗಿಲ್ಲ. ಪೊರೆ ಕಳಚಿದ ಜಿರಳೆ ಕೆಲಹೊತ್ತು ಬೆಳ್ಳಗೆ, ಮೆತ್ತಗೆ, ನಿಸ್ಸಹಾಯವಾಗಿರುತ್ತದೆ. ಹಸಿದ ಐಸೊಪಾಡುಗಳು ಅದನ್ನೇ ಕಚ್ಚಿಯಾವು. ಜಿರಳೆಯ ಸಂತಾನ ಮಿತಿಮೀರಿದರೆ ಹಸಿರೆಲೆಗೂ ಉಳಿವಿಲ್ಲ. ತೇವ ಆರಿದರೆ ಐಸೊಪಾಡು ಸಾಯುತ್ತದೆ. ಕೀಟನಾಶಕ ಸೋಂಕಿದ ಎಲೆಯೊಂದು ಎಲ್ಲವನ್ನೂ ಅಳಿಸಬಲ್ಲದು. ಬೇಸರವಾಯಿತೆಂದು ಪರದೇಶದ ಜೀವಿಗಳನ್ನು ತೋಟಕ್ಕೆ ಬಿಡುವುದೂ ಸಲ್ಲದು. ಸಾಕುವವನು ಈ ಪುಟ್ಟ ಲೋಕದ ಒಡೆಯನೆನ್ನುವುದಕ್ಕಿಂತ ಅದರ ಕಾವಲುಗಾರನೆನ್ನುವುದೇ ಸರಿ.

ಈ ಹವ್ಯಾಸ ಎಲ್ಲರಿಗೂ ಒಗ್ಗಬೇಕೆಂದೇನೂ ಇಲ್ಲ. ಆದರೆ ಮಾಗಿ ಕಳೆಯುತ್ತಲೇ ನಮ್ಮ ಬೀದಿಗಳಲ್ಲಿ, ಶಾಲೆಯ ಅಂಗಳಗಳಲ್ಲಿ ಉದುರಿದೆಲೆಯನ್ನು ಗುಡಿಸಿ ಬೆಂಕಿಯಿಡುವ ನೋಟವನ್ನು ಎಲ್ಲರೂ ಕಂಡವರೇ. ಆ ಉರಿಯಲ್ಲಿ ಎಲೆಯಷ್ಟೇ ಬೇಯುವುದಿಲ್ಲ. ಎಲೆಯನ್ನು ಮತ್ತೆ ಮರವಾಗಿಸುವ ಅಸಂಖ್ಯ ಕೆಲಸಗಾರರೂ ಬೇಯುತ್ತಾರೆ. ದುಡ್ಡು ತೆತ್ತು ಗಾಜಿನೊಳಗೆ ಕಟ್ಟಿಕೊಳ್ಳುವ ಸಂಸಾರವೇ ಮರದ ಬುಡದಲ್ಲಿ ದುಡ್ಡಿಲ್ಲದೆ ನಡೆದಿದೆ. ಈ ವರ್ಷ ಒಂದು ಮರದ ಕೆಳಗಾದರೂ ಎಲೆಗಳನ್ನು ಬಿದ್ದಲ್ಲಿಯೇ ಬಿಟ್ಟು ನೋಡಬಹುದು.