ಮಳೆಗಾಲದಲ್ಲಿ ಕುದುರೆಗಳ ಆರೋಗ್ಯ ರಕ್ಷಣೆ: ಮಾಲೀಕರಿಗೆ ಸೂಚನೆಗಳು

ಟಾಂಗಾ ಹಾಗೂ ಸವಾರಿ ಕುದುರೆಗಳ ಮಾಲೀಕರು ಮಳೆಗಾಲದಲ್ಲಿ ಈ ಕೆಳಕಂಡ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಸರ್ರಾ: ಈ ರೋಗವು ರಕ್ತ ಹೀರುವ ನೊಣಗಳಿಂದ ಹರಡುತ್ತದೆ. ಬಿಟ್ಟು ಬಿಟ್ಟು ಜ್ವರ ಬಂದು, ಮೇವು ತಿಂದರೂ ಕುದುರೆ ಕೃಶವಾಗಿ, ಕಾಲು ಮತ್ತು ಹೊಟ್ಟೆಯ ಕೆಳಭಾಗ ಊದಿಕೊಂಡಲ್ಲಿ ಕೂಡಲೇ ರಕ್ತಪರೀಕ್ಷೆ ಮಾಡಿಸುವುದು.

2. ಉದರಶೂಲೆ: ಬೂಷ್ಟು ಹಿಡಿದ ಹುಲ್ಲು, ಹುರುಳಿ ನೀಡಬಾರದು. ಕುದುರೆ ಪಕ್ಕೆಯತ್ತ ತಿರುಗಿ ನೋಡುತ್ತಾ ಹೊರಳಾಡಿದಲ್ಲಿ ವೈದ್ಯರನ್ನು ಕರೆಸುವುದು. ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶ ಸೇರುವ ಅಪಾಯವಿದೆ.

3. ಧನುರ್ವಾಯು: ಕೆಸರಿನಲ್ಲಿ ಗೊರಸಿಗೆ ಮೊಳೆ ಚುಚ್ಚಿದ ಸಣ್ಣ ಗಾಯವೂ ಪ್ರಾಣಾಂತಿಕವಾಗಬಹುದು. ಪ್ರತಿದಿನ ಗೊರಸು ಪರಿಶೀಲಿಸಿ, ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು.

4. ಗ್ಲ್ಯಾಂಡರ್ಸ್: ಇದು ಯಾವ ಋತುವಿನಲ್ಲಾದರೂ ಬರಬಹುದು, ಮನುಷ್ಯರಿಗೂ ಹರಡುತ್ತದೆ, ಲಸಿಕೆ ಇಲ್ಲ. ಮೂಗಿನಿಂದ ಅಂಟು ಸ್ರಾವ, ಚರ್ಮದಲ್ಲಿ ಗಂಟು ಅಥವಾ ಹುಣ್ಣು ಕಂಡಲ್ಲಿ ಕುದುರೆಯನ್ನು ಪ್ರತ್ಯೇಕಿಸಿ, ಮಾಹಿತಿ ನೀಡುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮದನ್ವಯ ಕಡ್ಡಾಯ. ರೋಗ ದೃಢಪಟ್ಟ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ. ಜೀವನಾಧಾರ ತಪ್ಪುವ ಭಯದಿಂದ ರೋಗವನ್ನು ಮರೆಮಾಚಿದಲ್ಲಿ ಮಾಲೀಕರ ಕುಟುಂಬದವರ ಪ್ರಾಣಕ್ಕೂ ಅಪಾಯವಿರುತ್ತದೆ.

ಚಿಕಿತ್ಸೆಗಾಗಿ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ ಶುಲ್ಕರಹಿತ ದೂರವಾಣಿ 1962ನ್ನು ಸಂಪರ್ಕಿಸಬಹುದಾಗಿದೆ.