ಮೂಲೆಯ ಡಬ್ಬಿಗೆ ಅನುಮತಿ ಕೊಟ್ಟವರು ಯಾರು?

ವಡ್ಡಹಳ್ಳಿ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತೆಂದು ನೋಡಲು ಸಂಜೆ ಕಂಪ್ಯೂಟರ್ ಹಾಕುತ್ತೀರಿ. ಬೆಲೆ ಕಾಣುವ ಮೊದಲೇ ಪರದೆಯ ಬಲಮೂಲೆಯಲ್ಲಿ ಒಂದು ಡಬ್ಬಿ ಎದ್ದು ನಿಲ್ಲುತ್ತದೆ: ನಿಮ್ಮ ಸಿಸ್ಟಮ್‌ನಲ್ಲಿ ಐದು ವೈರಸ್ ಸಿಕ್ಕಿವೆ, ಈಗಲೇ ಕ್ಲೀನ್ ಮಾಡಿ. ಅದನ್ನು ಮುಚ್ಚಿದರೆ ರಮ್ಮಿ ಬೋನಸ್. ಅದನ್ನೂ ಮುಚ್ಚಿದರೆ ಮಕ್ಕಳು ಪಕ್ಕದಲ್ಲಿದ್ದಾಗ ನೋಡಲಾಗದ ಚಿತ್ರ. ನಂಗಲಿಯಲ್ಲಾಗಲಿ ಬೈರಕೂರಿನಲ್ಲಾಗಲಿ ಇದಕ್ಕೆ ಜನ ಕಂಡುಕೊಂಡಿರುವ ಮದ್ದು ಒಂದೇ. ಸಿಪಿಯು ಚೀಲಕ್ಕೆ ಹಾಕಿಕೊಂಡು ಮುಳಬಾಗಿಲಿನ ಬಸ್ ಹತ್ತುವುದು, ಫಾರ್ಮ್ಯಾಟ್ ಹೊಡೆಸುವುದು.

ಹೊಡೆಸಿದ ಮೇಲೆ ಡಬ್ಬಿ ಹೋಗುತ್ತದೆ, ನಿಜ. ಅದರ ಜೊತೆಗೆ ಮದುವೆಯ ಫೋಟೊ, ಮಗಳ ಪ್ರಾಜೆಕ್ಟು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಸಂಘದ ಲೆಕ್ಕಪತ್ರ ಎಲ್ಲವೂ ಹೋಗುತ್ತವೆ. ಕೆಲವರಿಗೆ ಸ್ವಲ್ಪ ದಿನದಲ್ಲಿ ಡಬ್ಬಿ ಮಾತ್ರ ವಾಪಸ್ ಬರುತ್ತದೆ. ಹಳೆಯ ಗೂಗಲ್ ಖಾತೆಯಿಂದಲೇ ಕ್ರೋಮ್‌ಗೆ ಲಾಗಿನ್ ಆಗಿ ಸಿಂಕ್ ಹಾಕಿದರೆ ಬ್ರೌಸರ್‌ಗೆ ಸೇರಿಸಿಕೊಂಡಿದ್ದ ಹಳೆಯ ಎಕ್ಸ್‌ಟೆನ್ಷನ್‌ಗಳೂ ಸದ್ದಿಲ್ಲದೆ ಇಳಿಯುತ್ತವೆ. ಅವುಗಳಲ್ಲಿ ಕೆಟ್ಟದ್ದೊಂದು ಇದ್ದರೆ ಅದೂ ಮನೆಗೆ ಬಂತು. ಮೂಲೆಯ ಡಬ್ಬಿಗಾಗಿ ಫಾರ್ಮ್ಯಾಟ್ ಮಾಡಿಸುವುದು ಬಹುಪಾಲು ಸಲ ದಂಡ ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಅದನ್ನು ಒಳಕ್ಕೆ ಬಿಟ್ಟವರು ನಾವೇ, ಹೊರಕ್ಕೆ ಕಳಿಸುವ ಗುಂಡಿಯೂ ನಮ್ಮ ಕೈಯಲ್ಲೇ ಇದೆ.

ಗಡಿಯ ವ್ಯವಹಾರ ನಂಗಲಿಯವರಿಗೆ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಮೂಡಣ ಎಲ್ಲೆ ನಂಗಲಿಯ ಘಟ್ಟವೆಂದು ಶಾಸನಗಳೇ ಹೇಳುತ್ತವೆ. ಇಂದಿಗೂ ಆಂಧ್ರದ ಪಲಮನೇರು ಕಡೆಯಿಂದ ಹೆದ್ದಾರಿಯಲ್ಲಿ ಬರುವ ಲಾರಿಗೆ ಕರ್ನಾಟಕದ ಮೊದಲ ತಪಾಸಣೆ ಇಲ್ಲಿಯೇ. ಬ್ರೌಸರ್‌ನಲ್ಲೂ ಅಂಥದೊಂದು ಚೆಕ್‌ಪೋಸ್ಟ್ ಇದೆ. ಹೊಸ ತಾಣವೊಂದಕ್ಕೆ ಹೋದಾಗ ಎಡಗಡೆ ಮೇಲೆ ಸಣ್ಣ ಕಿಟಕಿ ತೆರೆದು, ಈ ತಾಣ ನಿಮಗೆ ನೋಟಿಫಿಕೇಷನ್ ಕಳಿಸಬಹುದೇ ಎಂದು ಕೇಳುತ್ತದೆ. ‘ಅಲೋ’, ‘ಬ್ಲಾಕ್’ ಎಂಬ ಎರಡು ಗುಂಡಿ ಕೊಡುತ್ತದೆ. ಅಲೋ ಒತ್ತಿದಿರೋ, ಗೇಟು ಮೇಲೆತ್ತಿ ಕಟ್ಟಿಹಾಕಿ ಕಾವಲುಗಾರ ಮನೆಗೆ ಹೋದ ಹಾಗೆ. ಆ ಪುಟ ಮುಚ್ಚಿದರೂ ಸರಕು ಬರುತ್ತಲೇ ಇರುತ್ತದೆ.

ಕ್ರೋಮ್ ಈ ಸೌಲಭ್ಯವನ್ನು 2015ರಲ್ಲಿ ತಂದದ್ದು ಒಳ್ಳೆಯ ಉದ್ದೇಶಕ್ಕೇ. ಸುದ್ದಿ, ಮೇಲ್, ಸಂದೇಶಗಳು ಪುಟ ತೆರೆಯದೆಯೂ ತಿಳಿಯಲಿ ಎಂದು. ಜಾಹೀರಾತಿನವರು ಅದರಲ್ಲಿ ಹಿತ್ತಿಲ ಬಾಗಿಲು ಕಂಡುಕೊಂಡರು. ಅವರಿಗೆ ಅದು ಬೇಕೂ ಆಗಿತ್ತು, ಹಳೆಯ ಪಾಪ್‌ಅಪ್ ದಾರಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಪಾಪ್‌ಅಪ್ ಜಾಹೀರಾತಿನ ಮೊದಲ ಕೋಡ್ ಬರೆದವರಲ್ಲಿ ಒಬ್ಬರಾದ ಅಮೆರಿಕದ ಈಥನ್ ಝುಕರ್‌ಮನ್ 2014ರಲ್ಲಿ ಅದಕ್ಕಾಗಿ ಲೋಕದ ಕ್ಷಮೆ ಕೇಳಿದ್ದಾರೆ. ತೊಂಬತ್ತರ ದಶಕದಲ್ಲಿ ಅವರು ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ, ಕಾರು ತಯಾರಕರೊಬ್ಬರ ಜಾಹೀರಾತು ಅಶ್ಲೀಲ ಪುಟವೊಂದರ ಮೇಲೆ ಬಂದು ರಂಪವಾಗಿತ್ತು. ಜಾಹೀರಾತು ಪುಟದ ಜೊತೆ ಅಂಟಿಕೊಂಡಂತೆ ಕಾಣಬಾರದೆಂದು ಅದಕ್ಕೊಂದು ಬೇರೆ ಕಿಟಕಿ ಮಾಡಿಕೊಟ್ಟರು. ಮುಂದಿನ ಕೆಲವು ವರ್ಷ ಆ ಕಿಟಕಿಗಳೇ ಲೋಕವನ್ನು ಆಳಿದವು. 2004ರಲ್ಲಿ ಫೈರ್‌ಫಾಕ್ಸ್, ಅದೇ ವರ್ಷ ವಿಂಡೋಸ್ ಎಕ್ಸ್‌ಪಿಯ ಪರಿಷ್ಕರಣೆಯ ಜೊತೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಪಾಪ್‌ಅಪ್ ತಡೆಯತೊಡಗಿದವು. ಮುಂಬಾಗಿಲು ಮುಚ್ಚಿತು, ಹತ್ತು ವರ್ಷದ ಮೇಲೆ ನೋಟಿಫಿಕೇಷನ್ನಿನ ಬಾಗಿಲು ತೆರೆಯಿತು.

ಅಲೋ ಒತ್ತಿಸುವ ಉಪಾಯಗಳನ್ನು ನೋಡಿದರೆ ಮೆಚ್ಚಬೇಕು. ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ ಎನ್ನುತ್ತದೆ ಒಂದು ಪುಟ. ವಿಡಿಯೊ ಶುರುವಾಗಲು ಅಲೋ ಒತ್ತಿ ಎನ್ನುತ್ತದೆ ಇನ್ನೊಂದು. ಈ ವಿಡಿಯೊ ಎಂಬುದು ಗಡಿಯ ಊರುಗಳಲ್ಲಿ ಹೆಚ್ಚಾಗಿ ತೆಲುಗು ಸಿನಿಮಾ. ಮನೆಯಲ್ಲಿ ಕನ್ನಡ, ತೆಲುಗು ಎರಡೂ ಓಡಾಡುವ ನಂಗಲಿ ಸೀಮೆಯಲ್ಲಿ ಹೊಸ ಚಿತ್ರ ಪುಕ್ಕಟೆ ಸಿಗುವ ತಾಣ ಯಾವುದೆಂದು ಹುಡುಗರನ್ನು ಕೇಳಿದರೆ ಐಬೊಮ್ಮ ಎಂಬ ಹೆಸರು ಥಟ್ಟನೆ ಬರುತ್ತಿತ್ತು. 2025ರ ನವೆಂಬರ್‌ನಲ್ಲಿ ಹೈದರಾಬಾದ್ ಪೊಲೀಸರು ಆ ತಾಣ ನಡೆಸುತ್ತಿದ್ದ ಆರೋಪದ ಮೇಲೆ ಒಬ್ಬನನ್ನು ಬಂಧಿಸಿದರು. ಸಿನಿಮಾ ನೋಡಲು ಬಂದವರನ್ನು ಬೆಟ್ಟಿಂಗ್ ಆ್ಯಪ್‌ಗಳತ್ತ ತಿರುಗಿಸಲಾಗುತ್ತಿತ್ತು ಎಂಬುದು ಪೊಲೀಸರ ಆರೋಪಗಳಲ್ಲೊಂದು. ಪುಕ್ಕಟೆ ಸಿನಿಮಾದ ಹಣ ಎಲ್ಲಿಂದ ಹುಟ್ಟುತ್ತದೆಂಬ ಪ್ರಶ್ನೆಗೆ ಅದರಲ್ಲೇ ಉತ್ತರವಿದೆ. ಒಂದು ತಾಣ ಮುಚ್ಚಿದ ಮಾತ್ರಕ್ಕೆ ನಿಮ್ಮ ಬ್ರೌಸರ್‌ನಲ್ಲಿ ಕೊಟ್ಟ ಅನುಮತಿಗಳು ತಾವಾಗಿ ಅಳಿಯುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಡಬ್ಬಿ ಎದ್ದಾಗ ಮುಚ್ಚಲು ಅವಸರ ಮಾಡಬೇಡಿ, ಅದನ್ನು ಓದಿ. ದೊಡ್ಡ ಅಕ್ಷರದ ಬೆದರಿಕೆ ಬಿಟ್ಟು ಸಣ್ಣ ಅಕ್ಷರ ನೋಡಿ. ಗೂಗಲ್ ಕ್ರೋಮ್ ಎಂದು ಬರೆದು ಪಕ್ಕದಲ್ಲಿ ಯಾವುದೋ ಅರ್ಥವಿಲ್ಲದ ತಾಣದ ಹೆಸರು ಇದ್ದರೆ ರೋಗ ಸಿಕ್ಕಿತು. ಅದು ವೈರಸ್ ಅಲ್ಲ, ಆ ತಾಣದ ನೋಟಿಫಿಕೇಷನ್. ಕ್ರೋಮ್‌ನ ಬಲಮೇಲ್ತುದಿಯ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅದರಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಷನ್ಸ್. ಅನುಮತಿ ಪಡೆದವರ ಪಟ್ಟಿ ಕಾಣುತ್ತದೆ. ಗುರುತಿಲ್ಲದ ಪ್ರತಿ ಹೆಸರಿನ ಮುಂದೆಯೂ ಬ್ಲಾಕ್ ಒತ್ತಿ. ಬರೇ ರಿಮೂವ್ ಮಾಡಿದರೆ ಆ ತಾಣ ಮತ್ತೆ ಕೇಳಬಹುದು. ಯಾರೂ ನನ್ನನ್ನು ಕೇಳುವುದೇ ಬೇಡ ಎನ್ನುವ ಆಯ್ಕೆಯೂ ಅದೇ ಪುಟದಲ್ಲಿದೆ, ಮನೆ ಕಂಪ್ಯೂಟರ್‌ಗೆ ಅದೇ ಒಳ್ಳೆಯದು. ಎಡ್ಜ್ ಬಳಸುವವರಿಗೂ ದಾರಿ ಹೆಚ್ಚು ಕಡಿಮೆ ಇದೇ. ಫೋನಿನಲ್ಲಿರುವ ಕ್ರೋಮ್‌ನಲ್ಲೂ ಈ ಪಟ್ಟಿ ಇದೆಯೆಂಬುದು ಅನೇಕರಿಗೆ ಗೊತ್ತಿಲ್ಲ.

ಹೀಗೆ ಮಾಡಿದರೂ ಹೋಗದಿದ್ದರೆ? ಹುಡುಕಿದ್ದೆಲ್ಲ ಗೂಗಲ್ ಬಿಟ್ಟು ಬೇರಾವುದೋ ಹುಡುಕು ಪುಟಕ್ಕೆ ಹೋಗುತ್ತಿದ್ದರೆ, ಪ್ರಜಾವಾಣಿಯ ತಾಣದಲ್ಲೂ ಬ್ಯಾಂಕಿನ ತಾಣದಲ್ಲೂ ಒಂದೇ ಬಗೆಯ ಜಾಹೀರಾತು ಕುಣಿಯುತ್ತಿದ್ದರೆ ಅನುಮಾನ ಎಕ್ಸ್‌ಟೆನ್ಷನ್ ಮೇಲೆ. ಪಿಡಿಎಫ್ ಮಾಡಿಕೊಡುತ್ತೇನೆ, ವಿಡಿಯೊ ಇಳಿಸಿಕೊಡುತ್ತೇನೆ ಎಂದು ಬಂದು ಕುಳಿತವು ಇವು. ಎಲ್ಲವನ್ನೂ ಒಮ್ಮೆ ಆಫ್ ಮಾಡಿ, ಒಂದೊಂದಾಗಿ ಹಾಕಿ ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ. ತೆಗೆದ ಮೇಲೆ ಸ್ಟಾರ್ಟ್‌ಅಪ್ ಪುಟ ಮತ್ತು ಸರ್ಚ್ ಎಂಜಿನ್ ಸರಿಯಿದೆಯೇ ನೋಡಿ. ಎಕ್ಸ್‌ಟೆನ್ಷನ್ ತೆಗೆಯಲು ಬರುತ್ತಿಲ್ಲ, ಮೂರು ಚುಕ್ಕಿಯ ಪಟ್ಟಿಯ ಕೊನೆಗೆ ‘ನಿಮ್ಮ ಸಂಸ್ಥೆ ಈ ಬ್ರೌಸರ್ ನಿರ್ವಹಿಸುತ್ತಿದೆ’ ಎಂಬ ಸಾಲು ಇದೆ ಎಂದಾದರೆ ಯೋಚಿಸಿ: ಮನೆಯ ಕಂಪ್ಯೂಟರ್‌ಗೆ ಸಂಸ್ಥೆ ಯಾವುದು? ಕೆಲವು ಆ್ಯಂಟಿವೈರಸ್‌ಗಳೂ ಆ ಸಾಲು ತರುತ್ತವೆ. ಅಂಥದ್ದು ಹಾಕಿಲ್ಲದಿದ್ದರೆ ಯಾವುದೋ ಪ್ರೋಗ್ರಾಮ್ ಬೇರು ಬಿಟ್ಟಿದೆ ಎಂದರ್ಥ.

ಪ್ರೋಗ್ರಾಮ್‌ಗಳ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಉಪದ್ರವ ಶುರುವಾದ ದಿನಗಳಲ್ಲಿ ಬಂದದ್ದು ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಆಮೇಲೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್, ಅದಕ್ಕೂ ಬಗ್ಗದಿದ್ದರೆ ಆಫ್‌ಲೈನ್ ಸ್ಕ್ಯಾನ್. ಈ ಎರಡನೆಯದು ವಿಂಡೋಸ್ ಪೂರ್ತಿ ಏಳುವ ಮುನ್ನವೇ ಹುಡುಕುವುದರಿಂದ ಅಡಗಿ ಕೂತವಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಜಾಹೀರಾತು ಪ್ರೋಗ್ರಾಮ್‌ಗಳಿಗೆಂದೇ ಮಾಡಿದ ಆ್ಯಡ್‌ಡಬ್ಲ್ಯೂಕ್ಲೀನರ್ ಉಚಿತವಾಗಿ ಸಿಗುತ್ತದೆ. 2016ರಿಂದ ಅದು ಮಾಲ್‌ವೇರ್‌ಬೈಟ್ಸ್ ಕಂಪನಿಯದು, ಅವರ ತಾಣದಿಂದಲೇ ಇಳಿಸಿಕೊಳ್ಳಬೇಕು. ಕ್ರೋಮ್‌ನ ಒಳಗೇ ಇದ್ದ ಕ್ಲೀನಪ್ ಸಲಕರಣೆಯನ್ನು ಗೂಗಲ್ 2023ರಲ್ಲಿ ತೆಗೆದುಹಾಕಿದೆ. ಯೂಟ್ಯೂಬ್‌ನ ಹಳೆಯ ವಿಡಿಯೊ ನೋಡಿ ಅದನ್ನು ಹುಡುಕುತ್ತಾ ಕೂರಬೇಡಿ.

ಇಷ್ಟು ಹೊತ್ತು ಹೇಳಿದ್ದು ಕಿರಿಕಿರಿಯ ಮಾತು. ದುಡ್ಡು ಹೋಗುವ ಡಬ್ಬಿ ಬೇರೆ ಇದೆ. ಅದು ಮೂಲೆಯಲ್ಲಿ ಬರುವುದಿಲ್ಲ, ಇಡೀ ಪರದೆ ಆವರಿಸಿಕೊಂಡು ಸೈರನ್ ಕೂಗುತ್ತದೆ. ಮೈಕ್ರೋಸಾಫ್ಟ್‌ನ ಚಿಹ್ನೆ, ಕೆಳಗೊಂದು ಫೋನ್ ನಂಬರ್. ಇಂಥದ್ದು ಎಲ್ಲೋ ರಷ್ಯಾದಲ್ಲೋ ಚೀನಾದಲ್ಲೋ ತಯಾರಾಗುತ್ತದೆ ಎಂದುಕೊಂಡಿದ್ದರೆ ಕೇಳಿ. ನಂಗಲಿಯಿಂದ ಬೆಂಗಳೂರಿಗೆ ಹೋಗುವ ರಸ್ತೆಯಲ್ಲೇ, ಹೊಸಕೋಟೆ ದಾಟಿ ಎಡಕ್ಕೆ ತಿರುಗಿದರೆ ವೈಟ್‌ಫೀಲ್ಡ್. ಅಲ್ಲಿನ ಟೆಕ್ ಪಾರ್ಕ್ ಒಂದರಲ್ಲಿದ್ದ ಕಚೇರಿಯ ಮೇಲೆ 2025ರ ನವೆಂಬರ್‌ನಲ್ಲಿ ಪೊಲೀಸರು ದಾಳಿ ಮಾಡಿ 21 ಮಂದಿಯನ್ನು ಬಂಧಿಸಿದರು. ಪೊಲೀಸರು ಹೇಳಿದ ಪ್ರಕಾರ ಕಸುಬು ಹೀಗಿತ್ತು: ಅಮೆರಿಕದವರಿಗೆ ಕಾಣುವಂತೆ ಫೇಸ್‌ಬುಕ್‌ನಲ್ಲಿ ಜಾಹೀರಾತು. ಒತ್ತಿದರೆ ಕಂಪ್ಯೂಟರ್ ಸ್ತಬ್ಧವಾಗಿ ಮೈಕ್ರೋಸಾಫ್ಟ್ ಹೆಸರಿನ ಎಚ್ಚರಿಕೆ, ಸಹಾಯಕ್ಕೊಂದು ನಂಬರ್. ಕರೆ ಮಾಡಿದವರಿಗೆ, ನಿಮ್ಮ ಬ್ಯಾಂಕ್ ಖಾತೆಯೂ ಹ್ಯಾಕ್ ಆಗಿದೆ ಎಂಬ ಹೆದರಿಕೆ. ಕೊನೆಗೆ ಬಿಟ್‌ಕಾಯಿನ್ ಎಟಿಎಂ ಮೂಲಕ ಹಣ. ಸೈಬರ್ ವಂಚನೆಗಳ ವಿರುದ್ಧ ಸಿಬಿಐ ಕೂಡ 2023ರ ಅಕ್ಟೋಬರ್‌ನಲ್ಲಿ ‘ಆಪರೇಷನ್ ಚಕ್ರ–2’ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳೂ ಆ ಪ್ರಕರಣಗಳಲ್ಲಿದ್ದವು.

ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ನಂಬರ್ ಕಂಡರೆ ಅದು ಮೋಸ, ಇದರಲ್ಲಿ ಎರಡನೇ ಮಾತಿಲ್ಲ. ಪರದೆ ಸಿಕ್ಕಿಹಾಕಿಕೊಂಡಂತೆ ಕಂಡರೂ ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದಿಲ್ಲ. ಬ್ರೌಸರನ್ನು ಪೂರ್ಣ ಪರದೆಗೆ ಹಿಗ್ಗಿಸಿರುತ್ತಾರೆ, ಅಷ್ಟೆ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಮುಗಿಸಿ. ಅದೂ ಗೊತ್ತಾಗದಿದ್ದರೆ ಪವರ್ ಗುಂಡಿ ಇದೆಯಲ್ಲ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ತರಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ.

ಗಾಬರಿಯಲ್ಲಿ ಕರೆ ಮಾಡಿಬಿಟ್ಟಿದ್ದರೆ, ಅವರು ಹೇಳಿದಂತೆ ಎನಿಡೆಸ್ಕ್‌ನಂಥ ದೂರನಿಯಂತ್ರಣದ ಆ್ಯಪ್ ಹಾಕಿದ್ದರೆ, ಮೊದಲು ನೆಟ್ ಕಿತ್ತುಹಾಕಿ. ಬ್ಯಾಂಕಿಗೆ ತಿಳಿಸಿ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ದಾಟುವ ಮುನ್ನ ತಡೆಯುವ ಅವಕಾಶ ಹೆಚ್ಚು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಕೋಲಾರದ ಸೆನ್ ಠಾಣೆಯಲ್ಲೂ ದೂರು ಕೊಡಬಹುದು.

ಇನ್ನು ಡಬ್ಬಿಯನ್ನೇ ತೋರಿಸದ ಕಾಯಿಲೆ. ಕೊರೊನಾ ಕಾಲದ ಆನ್‌ಲೈನ್ ತರಗತಿಗೆಂದು ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಎಷ್ಟರಲ್ಲಿ ಅಸಲಿ ವಿಂಡೋಸ್ ಇದೆಯೋ! ನಕಲಿ ವಿಂಡೋಸನ್ನು ಅಸಲಿ ಮಾಡುವ ‘ಆ್ಯಕ್ಟಿವೇಟರ್’ ಹಾಕುವ ಮುನ್ನ ಡಿಫೆಂಡರ್ ಆಫ್ ಮಾಡಿ ಎಂದು ಅದನ್ನು ಹಂಚುವವರೇ ಹೇಳುತ್ತಾರೆ. ಕಾವಲು ನಾಯಿಯನ್ನು ಕಟ್ಟಿಹಾಕಿ ಎನ್ನುವ ನೆಂಟ ಯಾಕೆ ಬಂದಿದ್ದಾನೆ ಎಂದು ಕೇಳಬೇಡವೇ? ಅಂಥ ಆ್ಯಕ್ಟಿವೇಟರ್‌ಗಳ ವೇಷದಲ್ಲಿ ಬರುವ ಕ್ರಿಪ್ಟ್‌ಬಾಟ್ ಎಂಬ ಮಾಲ್‌ವೇರ್ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಬಾಚಿಕೊಂಡು ಹೋಗುತ್ತದೆ. ಅದನ್ನು ಹಂಚುವವರ ವಿರುದ್ಧ 2023ರಲ್ಲಿ ಗೂಗಲ್ ಅಮೆರಿಕದಲ್ಲಿ ದಾವೆ ಹೂಡಿತ್ತು. ಇದು ಹೊಕ್ಕ ಯಂತ್ರ ಸದ್ದೇ ಮಾಡುವುದಿಲ್ಲ. ಇಲ್ಲಿ ಮಾತ್ರ ಫೋಟೊ, ಕಡತಗಳನ್ನು ಬೇರೆಡೆ ಉಳಿಸಿಕೊಂಡು ಫಾರ್ಮ್ಯಾಟ್ ಮಾಡಿಸುವುದೇ ಸರಿ.

ಕನ್ನಡದ ತಂತ್ರಾಂಶ ಹುಡುಕುವವರೂ ಎಡವುವುದುಂಟು. ಕನ್ನಡ ಗಣಕ ಪರಿಷತ್ತಿನ ನುಡಿ ಪುಕ್ಕಟೆ ಸಿಗುವಂಥದ್ದು, ಆದರೂ ಯಾವುದೋ ತಾಣದ ದಪ್ಪ ಹಸಿರು ಡೌನ್‌ಲೋಡ್ ಗುಂಡಿ ಒತ್ತಿ ಬೇರೇನನ್ನೋ ಇಳಿಸಿಕೊಳ್ಳುತ್ತೇವೆ. ಬರೀ ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಏನನ್ನೂ ಇಳಿಸಬೇಕಾಗಿಲ್ಲ, ಕನ್ನಡ ಕೀಲಿಮಣೆ ವಿಂಡೋಸ್‌ನಲ್ಲೇ ಇದೆ. ಜೆರಾಕ್ಸ್ ಅಂಗಡಿಗೆ ಕೊಟ್ಟು ತಂದ ಪೆನ್‌ಡ್ರೈವ್‌ನಲ್ಲಿ ಕಡತಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಅವುಗಳ ಮೇಲೆ ಒತ್ತದೆ ಮೊದಲು ಸ್ಕ್ಯಾನ್ ಮಾಡಿ. ಕೇಂದ್ರ ಸರ್ಕಾರ 2017ರ ಫೆಬ್ರುವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಮಾಲ್‌ವೇರ್ ತೆಗೆಯುವ ಸಲಕರಣೆಗಳು ಉಚಿತ. ಇದು ನಮ್ಮ ತೆರಿಗೆಯ ಹಣದಲ್ಲಿ ನಡೆಯುವಂಥದ್ದು. ಹೆಸರು ಕೇಳಿದವರೇ ಕಡಿಮೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ಹನ್ನೊಂದಕ್ಕೆ ಒಗ್ಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ. ಒಗ್ಗದಿದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ನಿಲ್ಲಿಸಿ, ಇಲ್ಲವೇ ಲಿನಕ್ಸ್ ಹಾಕಿಸಿಕೊಳ್ಳಿ. ಆದರೆ ಮೂಲೆಯ ಡಬ್ಬಿಯೊಂದಕ್ಕೇ ಮುಳಬಾಗಿಲಿಗೆ ಹೊರಡುವ ಮುನ್ನ ನೋಟಿಫಿಕೇಷನ್ ಪಟ್ಟಿಯನ್ನು ಒಂದು ಸಲ ತೆರೆದು ನೋಡಿ, ಪಕ್ಕದ ಮನೆಯವರಿಗೂ ತೋರಿಸಿಕೊಡಿ.